ಜೂನ್ ತಿಂಗಳ ವಿಷಯ: ಸಾರಿಗೆ

ಕಾರವಾರದ ಆಫೀಸಿನಿಂದ ಬಂದ ಲಕೋಟೆಯಲ್ಲಿ
ಹನ್ನೆರಡು ರಟ್ಟಿನ ಚಿತ್ರ, ಒಂದು ಸುತ್ತೋಲೆ.
ನೆಲ, ನೀರು, ಗಾಳಿ ಎಂದು ಮಕ್ಕಳು ವಿಂಗಡಿಸಬೇಕು.
ಗುಂಡುಸೂಜಿ ಆ ಕೈಗಳಿಗೆ ಕೊಡುವಂತಿಲ್ಲ.
ಹಳೇ ಬಲೆಯ ಹಗ್ಗ ಮೂರು ಸಾಲು ಕಟ್ಟಿ
ಮನೆಯಿಂದ ಬಟ್ಟೆ ಒಣಗಿಸುವ ಕ್ಲಿಪ್ಪು ತಂದೆ.
ಕ್ಲಿಪ್ಪು ಒತ್ತಿದರೆ ಬೆರಳಿಗೆ ಬಲ;
‘ದೈಹಿಕ’ ಎಂಬ ಕಾಲಂ ತುಂಬಿತು, ಅಷ್ಟರ ಮಟ್ಟಿಗೆ.

ರಟ್ಟಿನ ದೋಣಿಗೆ ಹಳದಿ ಪಟ, ಒಳಗೆ ಯಾರೂ ಇಲ್ಲ.
ಹಾರವಾಡದ ಕಡಲಲ್ಲಿ ನಾನು ಹುಟ್ಟಿದಾಗಿನಿಂದ
ಅಂಥದ್ದೊಂದು ಹಾದುಹೋಗಿಲ್ಲ.
ಇರಲಿ.

ಮೊದಲ ದಿನ ರೈಲು.
ಒಬ್ಬರ ಅಂಗಿಯ ತುದಿ ಇನ್ನೊಬ್ಬರ ಮುಷ್ಟಿಯಲ್ಲಿ,
ಹದಿನಾಲ್ಕು ಡಬ್ಬಿ, ರೋಶ್ನಿ ತಾಂಡೇಲ ಎಂಜಿನ್ನು.
ಎರಡು ಬೆಂಚು, ಮೇಲೊಂದು ಚಾದರ: ಬೋಗದೆ.
ಆಚೆ ಬಂದದ್ದು ಹದಿಮೂರೇ.
ಬಗ್ಗಿ ನೋಡಿದರೆ ಕತ್ತಲಲ್ಲಿ ಅರ್ಫಾ
ಸೋಪಿನ ಡಬ್ಬಿ ಕಿವಿಗೆ ಹಿಡಿದು ಕೂತಿದ್ದಾಳೆ.
“ಹಲೋ, ಹಲೋ... ರೇಂಜ್ ಇಲ್ಲ ಅಕ್ಕೋರೇ,
ಬೋಗದೆಯಲ್ಲಿದ್ದೇನೆ, ಆಮೇಲೆ ಮಾಡ್ತೆ.”
ಭಾಷೆ ಎಂಬಲ್ಲಿ ಬರೆದೆ ಇದನ್ನು. ಹೊಡೆದುಹಾಕಿ
ಸಾಮಾಜಿಕದಲ್ಲಿ ಬರೆದೆ. ಮತ್ತೆ ಎರಡರಲ್ಲೂ.

ಗಾಳಿಯ ಪಾಠ ನಾನು ಮಾಡಲಿಲ್ಲ.
ನೇವಿಯ ಹೆಲಿಕಾಪ್ಟರೇ ಬಂದು ಮಾಡಿಹೋಯಿತು.
ತಟ್ಟೆ ಬಿಟ್ಟು ಅಷ್ಟೂ ಜನ ಅಂಗಳಕ್ಕೆ;
ಬುದವಂತಿ ಬೇಯಿಸಿದ ಹೆಸರುಕಾಳು ಕಾಗೆಗೆ.

ಬುಧವಾರ ನೀರು.
ಲವೇಶ ಬಂದ, ಹಳದಿ ಪಟದ ದೋಣಿ ಎತ್ತಿಕೊಂಡ,
ಕೆಳಗಿನ ಹಗ್ಗಕ್ಕೆ, ಬಸ್ಸಿನ ಪಕ್ಕಕ್ಕೆ ಸಿಕ್ಕಿಸಿದ.
“ತಪ್ಪು! ತಪ್ಪು!” ಎಂದರು ಕೆಲವರು,
ಕೂಗಿದವರಿಗೂ ಅಷ್ಟೇನೂ ಧೈರ್ಯವಿರಲಿಲ್ಲ.
“ನಮ್ಮ ಹೊಡಿ ನೆಲದ ಮೇಲೇ ಇದೆ,” ಅಂದ.
“ಅಪ್ಪ ಮನೇಲೇ ಇದ್ದ.”
ಮುಗಿಯಿತು ಅವನ ವಾದ.

ಸುತ್ತೋಲೆಯಲ್ಲಿ ಉತ್ತರವಿತ್ತು: ದೋಣಿ, ನೀರು.
ನನ್ನ ಬಾಯಲ್ಲಿ ಇರಲಿಲ್ಲ.
ಮಳೆ ಬಿಟ್ಟ ಹೊತ್ತು ನೋಡಿ, ಚಪ್ಪಲಿ ಕೈಯಲ್ಲಿ ಹಿಡಿಸಿ
ಎಲ್ಲರನ್ನೂ ದಂಡೆಗೆ ನಡೆಸಿದೆ.
ಮಡ್ಲು ಹೊದ್ದು ಸಾಲಾಗಿ ಮಲಗಿದ್ದವು ದೋಣಿಗಳು,
ಎಂಜಿನ್ನು ಬಿಚ್ಚಿ ಒಳಗಿಟ್ಟಿದ್ದರು.
ಜಗಲಿಯಲ್ಲಿ ಕೂತು ಬಲೆ ಹೊಲಿಯುತ್ತಿದ್ದ ಅವನಪ್ಪ
ಕಾಲಬೆರಳಿನಿಂದ ನೂಲು ಬಿಡಿಸಿ ತಲೆ ಎತ್ತಿದ:
“ಏನ್ರೀ ಅಕ್ಕೋರೇ, ದಂಡು ಸಮೇತ?”
ಉತ್ತರ ಕೊಡುವಷ್ಟರಲ್ಲಿ ದಂಡು ಮಾಯ.
ದೋಣಿಯ ಅಡಿಯಲ್ಲಿ ಹದಿನಾಲ್ಕು ಅಂಡು
ಹೊರಗೆ, ತಲೆಗಳೆಲ್ಲ ಒಳಗೆ.
ಕಪ್ಪು ನಾಯಿ ಅಲ್ಲಿ ಮರಿ ಹಾಕಿತ್ತು.
ನಾಲ್ಕು, ಎಂದಳು ರೋಶ್ನಿ. ಐದು, ಎಂದಳು ಅರ್ಫಾ.
ಎಣಿಸಿ ಎಣಿಸಿ ಜಗಳವಾಡಿದರು.
ಕಣ್ಣೇ ಬಿಡದ್ದನ್ನೂ ಎಣಿಸಬೇಕೋ ಎಂದು ಒಬ್ಬ ಕೇಳಿದ.
(ಗಣಿತಪೂರ್ವ ಕೌಶಲ: ಬಂದಿದೆ.)

ಹಿಂದಿರುಗಿ ಬಂದು ದೋಣಿಯನ್ನು ಮುಟ್ಟಲಿಲ್ಲ ನಾನು.
ಮೇಲ್ವಿಚಾರಕಿ ಬಂದವರು ನೋಡಿದರು ಹಗ್ಗ,
ನೋಡಿದರು ನನ್ನ ಮುಖ.
“ದೋಣಿ ಯಾಕೆ ಅಲ್ಲಿ?”
“ಜೂನ್ ಅಲ್ಲವೇ ಮೇಡಂ,” ಎಂದೆ.
ಅವರ ತವರು ಘಟ್ಟದ ಮೇಲೆ. ಸಹಿ ಹಾಕಿ
ಚಹಾ ಕುಡಿದು ಹೋದರು.

ಜುಲೈಯಲ್ಲಿ ‘ನಮ್ಮ ದೇಹ’ ಬಂತು,
ಹಗ್ಗದ ತುಂಬ ಕಣ್ಣು, ಕಿವಿ, ಮೂಗು;
ಮೂಲೆಯಲ್ಲಿ ಆ ದೋಣಿ ಹಾಗೇ ಉಳಿಯಿತು.

ಆಗಸ್ಟ್ ಎರಡು. ವಿಷಯ: ತರಕಾರಿ.
ಬೆಂಡೆಕಾಯಿ ಕತ್ತರಿಸಿ ಬಣ್ಣದಲ್ಲಿ ಅದ್ದಿ
ಹೂವಿನ ಅಚ್ಚು ಒತ್ತುತ್ತಿದ್ದೆವು ಎಲ್ಲ.
ತಡವಾಗಿ ಬಂದ ಲವೇಶ. ನಿದ್ದೆ ಆಗಿರಲಿಲ್ಲ,
ಅಂಗಿಯ ಗುಂಡಿ ಮೇಲೆ ಕೆಳಗೆ.
ಯಾರೊಡನೆಯೂ ಮಾತಿಲ್ಲ.
ಸೀದಾ ಮೂಲೆಗೆ ಹೋದ, ಕ್ಲಿಪ್ಪು ಒತ್ತಿದ,
ಒಂದೇ ಕೈಯಲ್ಲಿ, ಈಗ ಬರುತ್ತದೆ ಅವನಿಗೆ.
ದೋಣಿ ತೆಗೆದು
ನಡುವಿನ ಹಗ್ಗಕ್ಕೆ ಸಿಕ್ಕಿಸಿದ.
ಸ್ವಲ್ಪ ಹೊತ್ತು ನೋಡುತ್ತ ನಿಂತ.

ಆಮೇಲೆ ನನ್ನ ಸೆರಗು ಎಳೆದ.
“ಮರಿಗಳನ್ನ ಎಲ್ಲಿ ಇಡೋದು ಅಕ್ಕೋರೇ?
ಅವುಕ್ಕೆ ಮಾಡು ಇಲ್ಲ ಈಗ.”

ಬೆಂಡೆಕಾಯಿಯ ನೀಲಿ ನನ್ನ ಬೆರಳಲ್ಲಿ.
ಹಗ್ಗ ಮೂರೇ ಇದ್ದವು.
ಬುದವಂತಿ ಒಲೆಯ ಬಳಿಯ ಸೌದೆ ಸರಿಸಿ
ಒಂದು ಗೋಣಿಚೀಲ ಹಾಸಿದಳು.