ಮೂರನೆಯ ತೊಳೆತ, ಪಾಡ್‌ಬೋರ್ಗ್

ಖಾಲಿ ಲಾರಿ. ಒಳಗೆ ಏನೂ ಇಲ್ಲ.
ಆರುನೂರು ಹಂದಿಮರಿಗಳನ್ನು ಪೋಲೆಂಡಿನಲ್ಲಿ ಇಳಿಸಿ
ರಾತ್ರಿಯಿಡೀ ಓಡಿಸಿಕೊಂಡು ಬಂದಿದ್ದಾನೆ ವಿದ್ಮಾಂತಸ್.
ಡೆನ್ಮಾರ್ಕಿನ ಈ ಗಡಿಗೆ
ತುಂಬಿದ್ದಕ್ಕಿಂತ ಖಾಲಿಯ ಮೇಲೇ ಅನುಮಾನ.

ಮೊದಲು ಸಲಿಕೆ. ಆಮೇಲೆ ಬಿಸಿನೀರು, ಸೋಪು,
ನೊರೆ ತಾನಾಗಿ ಜಾರುವ ತನಕ ಸುಮ್ಮನೆ ಕಾಯಬೇಕು.
ಮತ್ತೆ ನೀರು. ಕೊನೆಗೆ ಮೂಗು ಸುಡುವ ಔಷಧಿ.
ಮೂರು ಅಂತಸ್ತು; ಪ್ರತಿಯೊಂದರಲ್ಲೂ ಬಗ್ಗಿಕೊಂಡೇ ನಡೆಯಬೇಕು,
ಹಂದಿಯ ಎತ್ತರಕ್ಕೆ.
ಹದಿನಾಲ್ಕು ವರ್ಷ ಆ ಎತ್ತರದಿಂದಲೇ ಲೋಕ ನೋಡಿದ್ದೇನೆ:
ಬೋಲ್ಟಿನ ತಲೆ, ಬಾಗಿಲ ಕೀಲು, ನೀರಿನ ಕೊಳವೆಯ ಬೆನ್ನು,
ಕಂಬಿಯ ಮೇಲೆ ಹಾಲುಹಲ್ಲಿನ ಗುರುತು.
ಅದು ಮಾತ್ರ ತೊಳೆದರೆ ಹೋಗುವುದಿಲ್ಲ.

ತಪಾಸಣೆಗೆ ರಾಗ್ನ್‌ಹಿಲ್ಡ್ ಬರುತ್ತಾಳೆ,
ಬಿಳಿ ಕೈಗವಸು, ಟಾರ್ಚು,
ಸೊಸೆಯ ಅಡುಗೆಮನೆಗೆ ಕಾಲಿಟ್ಟ ಅತ್ತೆಯ ಗತ್ತು.
ಮೊದಲ ಸಲ ಇಳಿಜಾರು ಹಲಗೆಯ ಅಡಿಯಲ್ಲಿ ಗೊಬ್ಬರ.
ಎರಡನೆಯ ಸಲ ಏನೂ ಸಿಗದೆ
'ಬೂಟು ತೋರಿಸು' ಎಂದಳು.
ಅಟ್ಟೆಯ ಗೀರಿನಲ್ಲಿ ಹುಲ್ಲಿನ ಒಂದು ಚೂರು,
ಉಗುರು ಕತ್ತರಿಸಿ ಬಿಸಾಡಿದಷ್ಟು.
ಇಡೀ ಲಾರಿ ಮತ್ತೆ ಮೊದಲಿಂದ.

ಅವನು ಬೈಯಲಿಲ್ಲ.
ಕಾಲುಚೀಲದಲ್ಲೇ ನಿಂತು ಕಾಗದದ ಪೊಟ್ಟಣ ಬಿಚ್ಚಿದ:
ಕಪ್ಪು ಬ್ರೆಡ್ಡು, ನಡುವೆ ಹೊಗೆಗೆ ಕಟ್ಟಿದ ಹಂದಿಮಾಂಸ.
'ಅತ್ತೆಮನೆಯದು' ಎಂದ. ಲಿಥುವೇನಿಯಾದ ಯಾವುದೋ ಹಳ್ಳಿ.
ಅರ್ಧ ಮುರಿದು ನನ್ನತ್ತ ಚಾಚಿದ.

ನಿಯಮದ ಕಾಗದದಲ್ಲಿ ಇದೂ ಇದೆ.
ರೋಗ ಬರುವುದು ಚಕ್ರದಲ್ಲಷ್ಟೇ ಅಲ್ಲ,
ಇಂಥ ಪೊಟ್ಟಣದಲ್ಲೂ.
ಗಡಿಯುದ್ದಕ್ಕೂ ಕಾಡುಹಂದಿಗೆ ಬೇಲಿ ಹಾಕಿದ್ದಾರೆ.
ಬ್ರೆಡ್ಡಿಗೆ ಹಾಕಿಲ್ಲ.
ಹಳದಿ ಡಬ್ಬಿ ಎರಡು ಹೆಜ್ಜೆ ದೂರ.
ಅವನ ಕೈ ಇನ್ನೂ ಚಾಚಿಯೇ ಇತ್ತು,
ಚಳಿಗೆ ಸ್ವಲ್ಪ ನಡುಗುತ್ತ.

ತಿಂದೆ.
ಒಂದು ಹರಳೂ ನೆಲಕ್ಕೆ ಬೀಳದಂತೆ
ಅಂಗೈ ಒಡ್ಡಿಕೊಂಡು, ಬೆರಳು ನೆಕ್ಕಿ,
ಕಾಗದವನ್ನು ಡಬ್ಬಿಗೆ ಹಾಕಿ,
ಮೊಣಕೈವರೆಗೆ ಔಷಧಿಯಲ್ಲಿ ತೊಳೆದುಕೊಂಡೆ.

ಐದೂ ನಲವತ್ತಕ್ಕೆ ಮುದ್ರೆ ಬಿತ್ತು. ಲಾರಿ ಮಡಿಯಾಯಿತು.
ಆದರೂ ನಲವತ್ತೆಂಟು ಗಂಟೆ
ಯಾವ ಕೊಟ್ಟಿಗೆಯ ಹತ್ತಿರವೂ ಸುಳಿಯುವಂತಿಲ್ಲ.

ಸಂಜೆ ಭಾವ ಥೋರ್ಕಿಲ್‌ನ ಹಂದಿಗಳ ಹೆರಿಗೆಗೆ
ನಾನು ಕೈಜೋಡಿಸಬೇಕಿತ್ತು.
ಫೋನು ಮಾಡಿ ಸೊಂಟನೋವು ಎಂದೆ.
'ಎಷ್ಟು ದಿನ?' ಎಂದು ಕೇಳಿದ.
ಹಲ್ಲಿನ ಸಂದಿಯಲ್ಲಿ ಹೊಗೆಯ ರುಚಿ ಇನ್ನೂ ಇತ್ತು.
ಲಾರಿಯದಾದರೆ ಬರೆದಿದೆ, ನೋಡಿ ಹೇಳಬಹುದಿತ್ತು.