ಮೂವತ್ತೈದು

ಮೊದಲ ಸಲ ಪರೀಕ್ಷೆಗೆ ಕಟ್ಟಿದಾಗ
ಊರಿಗೆಲ್ಲ ಹೇಳಿಕೊಂಡು ತಿರುಗಿದ್ದೆ.
ಕಾಫಿ ಕ್ಯೂರಿಂಗಿನ ಶೆಡ್ಡಿನಲ್ಲಿ ಅರವತ್ತು ಹೆಂಗಸರು,
ಅರವತ್ತು ಜನಕ್ಕೂ ಗೊತ್ತಿತ್ತು:
ಈ ವರ್ಷ ಎಸ್ಸೆಸ್ಸೆಲ್ಸಿ, ಎರಡು ವರ್ಷ ಪಿಯುಸಿ,
ಆಮೇಲೆ ಟೀಚರ್.
ಕಟ್ಟಿನಕೆರೆ ಮಾರ್ಕೆಟ್ಟಿನಲ್ಲಿ ಮುನ್ನೂರು ಕೊಟ್ಟು
ಟೀಚರಮ್ಮಂದಿರು ಹಾಕುವಂಥ ಬ್ಯಾಗನ್ನೂ ತಂದಿದ್ದೆ,
ಮೂರು ಜಿಪ್ಪಿನದು.

ಗಣಿತಕ್ಕೆ ಒಂಬತ್ತು ಬಂತು.

ನೂರಕ್ಕೆ.

ಮಿಕ್ಕ ಐದು ಹೇಗೋ ದಾಟಿದ್ದವು, ಅದನ್ನು ಯಾರೂ ಕೇಳಲಿಲ್ಲ.
ಬೆಳಗ್ಗೆ ಎಂಟಕ್ಕೆ ನಾನು ಒಳಗೆ ಕಾಲಿಟ್ಟರೆ
ಫಿಲೋಮಿನಾ ಎದ್ದು ನಿಲ್ಲುತ್ತಿದ್ದಳು, "ನಮಸ್ತೇ ಟೀಚರ್",
ಸಾಲಿಗೆ ಸಾಲೇ ರಾಗ ಎಳೆಯುತ್ತಿತ್ತು.
ನಾನೂ ನಕ್ಕೆ. ಬ್ಯಾಗು ಮಾತ್ರ
ಮನೆಯಲ್ಲಿ ಈರುಳ್ಳಿ ತುಂಬಲು ಆಯಿತು.

ಪಕ್ಕದ ಮನೆ ಸಾನಿಯಾ ಒಂಬತ್ತನೇ ಕ್ಲಾಸು.
ನನ್ನ ನೋಟ್ಸು ತಿರುವಿ ಹಾಕಿ
ಬೇಜಾರು ಮಾಡ್ಕೋಬೇಡಿ ಆಂಟಿ, ಅಂದಳು,
ನಿಮಗೆ ಬೀಜಗಣಿತ ಬರಲ್ಲ ಅಂತಲ್ಲ,
ಭಾಗಾಕಾರ ಬರಲ್ಲ.

ಹೀಗೆ, ನಲವತ್ತೊಂದನೇ ವಯಸ್ಸಿಗೆ
ಮಹಾವೀರ ಸರ್ಕಲ್ಲಿನ ಹತ್ತಿರದ ಅಂಗಡಿಯಲ್ಲಿ ನಿಂತು
ನಾಲ್ಕನೇ ತರಗತಿಯ ಗಣಿತ ಕೇಳಿದೆ.
"ಮಗೂಗಾ?" ಅಂದ ಅಂಗಡಿಯವನು.
ಹೂಂ ಅನ್ನಬಹುದಿತ್ತು. ನಾಲಗೆಯ ತುದಿಗೇ ಬಂದಿತ್ತು.
"ನಂಗೆ," ಅಂದೆ.
ಅವನು ಪುಸ್ತಕದ ಧೂಳು ಒರೆಸಿ ಕೊಟ್ಟ,
ಮೇಲೊಂದು ಪೆನ್ಸಿಲ್ಲು ಸುಮ್ಮನೆ ಇಟ್ಟ.
ಹೊರಗೆ ಬಂದರೆ ಆಕಾಶವೇನೂ ಬಿದ್ದಿರಲಿಲ್ಲ;
ಸಕಲೇಶಪುರದ ಬಸ್ಸು
ಎಂದಿನಂತೆ ಹಾರನ್ ಹೊಡೆದು ತಿರುಗಿತು.

ನಮ್ಮ ಕೆಲಸ ಗೊತ್ತಲ್ಲ,
ಮುಂದೆ ಕಾಫಿ ಬೀಜ ಸುರಿಯುತ್ತಾರೆ,
ಕಪ್ಪು, ಒಡಕು, ಹುಳ ಕೊರೆದದ್ದು ಆಯಬೇಕು.
ಹೊಸದಾಗಿ ಬಂದವರು ಮೂಟೆ ನೋಡುತ್ತಾರೆ,
ನೋಡೀ ನೋಡೀ ಮಧ್ಯಾಹ್ನಕ್ಕೇ ಕಣ್ಣು ಕತ್ತಲೆಗಟ್ಟಿ ಕೂರುತ್ತಾರೆ.
ಮೇಸ್ತ್ರಿ ದ್ಯಾವಣ್ಣ ಎಲ್ಲರಿಗೂ ಬೈಯುವುದು ಒಂದೇ ಬೈಗುಳ:
"ಮೂಟೆ ನಂದು ಕಣವ್ವ, ನಿಂದು ಬೊಗಸೆ."
ಹದಿನಾರು ವರ್ಷ ಕೇಳಿದ್ದೆ ಇದನ್ನು.
ಕೇಳಿದ್ದೆ, ಅಷ್ಟೇ.

ಈಗ ರಾತ್ರಿ ಪಾತ್ರೆ ತೊಳೆದ ಮೇಲೆ ಎರಡೇ ಲೆಕ್ಕ.
ಮೂರನೆಯದಕ್ಕೆ ಆಸೆಯಾದರೂ ಪುಸ್ತಕ ಮುಚ್ಚುತ್ತೇನೆ.
ಕೆಲವು ದಿನ ಒಂದು. ಗೌರಿ ಹಬ್ಬದ ವಾರ ಅದೂ ಇಲ್ಲ.
ಏಳರ ಮಗ್ಗಿಯಲ್ಲಿ ಏಳೆಂಟ್ಲ ಬಂದಾಗ ಇನ್ನೂ ಕಾಲು ಜಾರುತ್ತದೆ,
ಆಗ ಏಳೇಳ್ಲ ನಲವತ್ತೊಂಬತ್ತಕ್ಕೆ ವಾಪಸು ಹೋಗಿ
ಅಲ್ಲಿಂದ ಮೆಲ್ಲಗೆ ಏಳು ಎಣಿಸಿಕೊಂಡು ಬರುತ್ತೇನೆ.
ಟೀಚರ್ ಆಗುವ ಮಾತು ಯಾರ ಹತ್ತಿರವೂ ಆಡುವುದಿಲ್ಲ.
ಬಿಟ್ಟಿದ್ದೇನೆ ಅಂತಲ್ಲ.
ಅದು ಮೂಟೆ.

ಎರಡನೇ ಸಲದ ಫಲಿತಾಂಶ ನಿನ್ನೆ ಬಂತು,
ಸಾನಿಯಾಳ ಅಮ್ಮನ ಫೋನಿನಲ್ಲಿ ನೋಡಿದೆವು.
ಹದಿನೆಂಟು.
ಹುಡುಗಿ ಮುಖ ಸಣ್ಣ ಮಾಡಿಕೊಂಡಳು.
ನಾನು ಅದೇ ಪೆನ್ಸಿಲ್ಲು ತೆಗೆದುಕೊಂಡು
ಮೂವತ್ತೈದರಲ್ಲಿ ಹದಿನೆಂಟು ಕಳೆಯಲು ಕೂತೆ:
ಐದರಲ್ಲಿ ಎಂಟು ಹೋಗುವುದಿಲ್ಲ,
ಪಕ್ಕದ ಮನೆಗೆ ಹೋಗಿ ಒಂದು ಹತ್ತು ಕೈಗಡ ಕೇಳಬೇಕು
(ನಾಚಿಕೆಯೇನು, ಪಕ್ಕದ ಮನೆ ಎದುರಿಗೇ ಕೂತಿದೆ),
ಹದಿನೈದರಲ್ಲಿ ಎಂಟು ಹೋದರೆ ಏಳು,
ಸಾಲ ಕೊಟ್ಟು ಎರಡಾದ ಮೂರರಲ್ಲಿ
ಒಂದು ಹೋದರೆ ಒಂದು.

ಹದಿನೇಳು.
ಸರಿಯಿದೆಯಾ ಅಂತ ಬೆರಳಲ್ಲಿ ಎಣಿಸಿ ನೋಡಿದೆ.
ಎರಡು ಕೈ ಸಾಲಲಿಲ್ಲ.
ಚಪ್ಪಲಿ ಬಿಟ್ಟು
ಕಾಲಿನ ಬೆರಳಿಗೆ ಬಂದೆ.