ಅರವತ್ತೆಂಟು ಸೆಂಟಿಮೀಟರ್

ಮೊದಲೇ ಹೇಳಿಬಿಡುತ್ತೇನೆ, ನಾನು ಬಿದ್ದದ್ದು ಕುದುರೆಯಿಂದಲ್ಲ.
ಎಲ್ಲರಿಗೂ ಆ ಕತೆಯೇ ಬೇಕು.
ಹುಲ್ಲಟ್ಟದ ಏಣಿಯಿಂದ, ಕೈಯಲ್ಲೊಂದು ಖಾಲಿ ಬಕೆಟ್ಟು.
ಕೆಳಗೆ ಫ್ಲೋಕೆ ಎಂಬ ಬೂದುಬಣ್ಣದ ಹೆಣ್ಣು
ಮೇಯುವುದು ಬಿಟ್ಟು ನನ್ನನ್ನೇ ನೋಡುತ್ತಿತ್ತು.
ಇಪ್ಪತ್ತಾರು ವರ್ಷ ಆಯಿತು.

ಅದರ ಮೊಮ್ಮಗಳ ಮಗ ಈ ಬೇಸಿಗೆ ಆಖೆನ್‌ನಲ್ಲಿ ಬೇಲಿ ಹಾರುತ್ತಾನೆ.
ಟೀವಿಯಲ್ಲಿ ನೋಡಬಹುದಲ್ಲ, ಅಂದಳು ತಂಗಿ.
ಟೀವಿಗೆ ಬೆವರಿನ ವಾಸನೆ ಇದೆಯೇನೆ, ಅಂದೆ.

ಫೆಬ್ರವರಿಯಲ್ಲೇ ಫೋನು ಹಿಡಿದು ಕೂತೆ.
ಆ ವಾರ ಬಂತೆಂದರೆ ಎಪ್ಪತ್ತು ಯೂರೋದ ಕೋಣೆ
ಹಿಂಗಾಲ ಮೇಲೆ ಎದ್ದು ನಿಂತು ಇನ್ನೂರ ಹತ್ತಾಗುತ್ತದೆ,
ಕಡಿವಾಣ ಹಾಕುವವರಿಲ್ಲ.
ನನ್ನ ಪಿಂಚಣಿಯೋ ಮುದಿ ಟಟ್ಟು, ಅಷ್ಟೆತ್ತರ ಹಾರದು.

ದೊಡ್ಡ ಹೋಟೆಲು: ಗಾಲಿಕುರ್ಚಿಯವರಿಗೆಂದೇ ಎರಡು ಕೋಣೆ,
ಎರಡೂ ಹೋದ ಅಕ್ಟೋಬರಿನಲ್ಲೇ ಮುಗಿದವು.
ಸಣ್ಣ ಹೋಟೆಲು: ಎಲ್ಲ ಸಲೀಸು ಮೇಡಂ,
ಬಚ್ಚಲು ಮಾತ್ರ ಮಹಡಿಯ ಮೇಲೆ.
ಚರ್ಚಿನ ಹಿಂದಿನ ಮನೆ: ನಮ್ಮ ಅಳಿಯ ಗಟ್ಟಿಮುಟ್ಟು, ಎತ್ತಿಬಿಡುತ್ತಾನೆ.
(ಅಳಿಯನಿಗೆ ನನ್ನ ವಂದನೆ. ನಾನು ಹುಲ್ಲಿನ ಹೊರೆಯಲ್ಲ.)
ಮತ್ತೆ ಎಲ್ಲರಿಗಿಂತ ಹೆಚ್ಚಾಗಿ, ಜೇನಿನಂಥ ದನಿಯಲ್ಲಿ,
ಒಂದೇ ಒಂದು ಮೆಟ್ಟಿಲು.
ಒಂದೇ. ಪುಟ್ಟದು. ನಮ್ಮ ಅಜ್ಜಿಯೂ ಹತ್ತುತ್ತಾರೆ.

ಕುದುರೆ ಕಂಡರೆ ಕಾಲುನೋವು ಅನ್ನುತ್ತಾರೆ.
ನನಗೆ ಆ ನೋವೂ ಇಲ್ಲ.
ನನಗಿರುವುದು ಒಂದು ಅಳತೆ:
ಕುರ್ಚಿಯ ಅಗಲ, ಗಾಲಿಯಿಂದ ಗಾಲಿಗೆ, ಅರವತ್ತೆಂಟು.

ಗಡಿಯಾಚೆ ಅಗ್ಗ, ಅಂದ ಯಾರೋ.
ಬೆಲ್ಜಿಯಮ್ಮಿನ ಕೆಲ್ಮಿಸ್, ಹುಬರ್ಟೀನ ಶಿಫ್ಲರ್ಸ್,
ರಾತ್ರಿಗೆ ಮೂವತ್ತೈದು, ಬೆಳಗಿನ ಬ್ರೆಡ್ಡು ಸೇರಿ.
ಆಕೆ ಆಗುತ್ತದೆ ಅನ್ನಲಿಲ್ಲ, ಆಗುವುದಿಲ್ಲ ಅನ್ನಲಿಲ್ಲ.
ತಾಳಿ, ಅಂದು ಫೋನು ಮೇಜಿನ ಮೇಲಿಟ್ಟಳು.
ಚಪ್ಪಲಿಯ ಸಪ್ಪಳ ದೂರವಾಯಿತು.
ಎಲ್ಲೋ ಒಂದು ಡ್ರಾಯರು ತೆರೆದುಕೊಂಡಿತು.
ನಾಯಿಗೆ ಬೈಗುಳ.
ಮತ್ತೆ ಸಪ್ಪಳ.
ದಾರಂದ ಎಂಬತ್ತೊಂದು, ಹೊಸಿಲಿಲ್ಲ.
ಬಚ್ಚಲು ಅರವತ್ತಾರು.

ಇಬ್ಬರೂ ಸುಮ್ಮನಿದ್ದೆವು, ಎರಡು ಸೆಂಟಿಮೀಟರಿನಷ್ಟು ಹೊತ್ತು.

ಬಾಗಿಲನ್ನೇ ಕಿತ್ತರೆ? ಅಂದಳು.
ಕೀಲು ಕಳಚಿದರೆ ನಾಲ್ಕು ಸಿಗುತ್ತದೆ.
ಪರದೆ ಇದೆ ನನ್ನ ಹತ್ತಿರ, ಚೆರ್ರಿಹಣ್ಣಿನದು.
ನಿಮಗೆ ನಾಚಿಕೆ ಇಲ್ಲದಿದ್ದರೆ.

ಹನ್ನೊಂದು ವರ್ಷ ಲಾಯದಲ್ಲಿ ಮಲಗಿದವಳು ನಾನು,
ನಾಚಿಕೆ ಅಂದರೇನು ಅಂದೆ.

ಜುಲೈ. ಬಸ್ಸಿನ ಡ್ರೈವರು ಗೊಣಗುತ್ತ ಇಳಿದು ಹಲಗೆ ಹಾಕಿದ.
ಮೈದಾನದ ಹಿಂದೆ ಲಾರಿಗಳಿಂದ ಕುದುರೆಗಳು ಇಳಿಯುತ್ತಿದ್ದವು,
ರಬ್ಬರು ಹಾಸಿದ ಇಳಿಜಾರಿನ ಮೇಲೆ, ರಾಣಿಯರ ಹಾಗೆ.
ಒಂದೊಂದರ ಬಾಗಿಲೂ ನನ್ನಂಥ ಇಬ್ಬರಿಗೆ ಸಾಕು.
ಕುದುರೆಗೆ ಯಾರೂ ಒಂದೇ ಮೆಟ್ಟಿಲು ಅನ್ನುವುದಿಲ್ಲ.
ಸಿಟ್ಟು ಬರಬೇಕಿತ್ತು. ಬರಲಿಲ್ಲ.
ಆ ಇಳಿಜಾರನ್ನು ಒಂದು ಕಾಲದಲ್ಲಿ
ದಿನಾ ಗುಡಿಸಿದವಳು ನಾನೇ.

ಫ್ಲೋಕೆಯ ಕುಡಿ ನಾಲ್ಕನೆಯ ಬೇಲಿಯಲ್ಲಿ ಒಂದು ಕಂಬ ಬೀಳಿಸಿತು.
ಅದೇ ಕಿವಿ, ಎಡಗಡೆಯದು ತುಸು ಸೊಟ್ಟ.

ಕೊನೆಯ ದಿನ ಇಡೀ ಕ್ರೀಡಾಂಗಣ ಬಿಳಿ ಕರವಸ್ತ್ರ ಬೀಸಿ
ಕುದುರೆಗಳನ್ನು ಬೀಳ್ಕೊಡುತ್ತದೆ. ನಾನು ತಂದಿರಲಿಲ್ಲ.
ಬೀಸಿದ್ದು ಹುಬರ್ಟೀನಳ ಅಡುಗೆಮನೆಯ ಬಟ್ಟೆ,
ಬ್ರೆಡ್ಡು ಸುತ್ತಿಕೊಟ್ಟದ್ದು.
ಮುಂದಿನ ಸಾಲಿನವರ ಟೋಪಿಯ ಮೇಲೆಲ್ಲ ಚೂರು.

ಹೊರಡುವಾಗ ನೋಡಿದೆ, ಬಚ್ಚಲ ಬಾಗಿಲು
ಹಿತ್ತಲ ಗೋಡೆಗೆ ಒರಗಿ ನಿಂತಿತ್ತು, ಅದರ ಹಿಡಿಗೆ
ಯಾರೋ ಒಗೆದ ಕಾಲುಚೀಲ ಒಣಹಾಕಿದ್ದರು.
ಮತ್ತೆ ಹಾಕಿಸುವುದಿಲ್ಲವೇ, ಅಂದೆ.
ಹುಬರ್ಟೀನ ಚಿಲ್ಲರೆ ಎಣಿಸುತ್ತಿದ್ದಳು.
ತಲೆ ಎತ್ತಲಿಲ್ಲ.
ಫೆಬ್ರವರಿಯಲ್ಲಿ ಮೊದಲು ನನಗೆ ಮಾಡು, ಅಂದಳು.